ಯಸುವೊ ಕುನಿಯೋಶಿ: ಅಮೆರಿಕದ ಚಿತ್ರಕಾರ, ಅಮೆರಿಕದ ಪ್ರಜೆಯಲ್ಲ

ಯಸುವೊ ಕುನಿಯೋಶಿ (1889–1953): ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕನ್ ಕಲೆಯ ಮುಂಚೂಣಿಯಲ್ಲಿದ್ದ ಚಿತ್ರಕಾರ ಮತ್ತು ಮುದ್ರಣ ಕಲಾವಿದ. ತೈಲವರ್ಣ, ಶಾಯಿಚಿತ್ರ, ಕಲ್ಲಚ್ಚು, ಛಾಯಾಗ್ರಹಣ ನಾಲ್ಕರಲ್ಲೂ ದುಡಿದವನು. ಹುಟ್ಟಿದ್ದು ಜಪಾನಿನಲ್ಲಿ. ಹದಿಹರೆಯದಲ್ಲಿ ಅಮೆರಿಕಕ್ಕೆ ಹೋಗಿ, ಸಾಯುವವರೆಗೂ ಅಲ್ಲೇ ಬದುಕಿದ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಬದುಕಿರುವ ಕಲಾವಿದನೊಬ್ಬನ ಸಮಗ್ರ ಪ್ರದರ್ಶನವನ್ನು ಮೊದಲ ಬಾರಿಗೆ ಏರ್ಪಡಿಸಿದ್ದು ಈತನಿಗಾಗಿ. 1952ರ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ ನಾಲ್ವರಲ್ಲಿ ಈತನೂ ಒಬ್ಬ. ಆದರೆ ಆ ದೇಶದ ಕಾನೂನು ಆತನನ್ನು ಕೊನೆಯವರೆಗೂ ಪ್ರಜೆಯೆಂದು ಒಪ್ಪಲಿಲ್ಲ.

ಹುಟ್ಟಿದ್ದು 1889ರ ಸೆಪ್ಟೆಂಬರ್ 1ರಂದು, ಪಶ್ಚಿಮ ಜಪಾನಿನ ಒಕಾಯಾಮಾದಲ್ಲಿ. ಹಳೆಯ ಪುಸ್ತಕಗಳಲ್ಲಿ ಹುಟ್ಟಿದ ವರ್ಷ 1893 ಎಂದಿರುವುದುಂಟು. ಆದರೆ ತಾನು ಗೋವಿನ ವರ್ಷದಲ್ಲಿ ಹುಟ್ಟಿದವನೆಂದು ಕುನಿಯೋಶಿಯೇ ಹೇಳಿಕೊಳ್ಳುತ್ತಿದ್ದ. ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ಸುತ್ತುವ ಪೂರ್ವ ಏಷ್ಯಾದ ಕಾಲಗಣನೆಯಲ್ಲಿ 1889 ಗೋವಿನ (ಎತ್ತಿನ) ವರ್ಷ, 1893 ಹಾವಿನ ವರ್ಷ. ಹಾಗಾಗಿ ಮೊದಲನೆಯದನ್ನು ಒಪ್ಪುವುದೇ ಸರಿ. ಹುಟ್ಟಿನ ಈ ನಂಟನ್ನು ಆತ ಎಷ್ಟು ಗಾಢವಾಗಿ ಹಚ್ಚಿಕೊಂಡಿದ್ದನೆಂದರೆ, 1920ರ ದಶಕದ ಮೊದಲ ವರ್ಷಗಳಲ್ಲಿ ಹಸುವನ್ನು ಬಿಟ್ಟೂಬಿಡದೆ ಬರೆದ. ಬೇಲಿಯ ಪಕ್ಕದ ಹಸು, ಬಿರುಗಾಳಿಗೆ ಸಿಕ್ಕ ಹಸು, ಮಗುವಿನ ಜೊತೆಗಿನ ಹಸು, ಹೀಗೆ ಹತ್ತಾರು.

1906ರಲ್ಲಿ ಹುಡುಗ ಒಬ್ಬನೇ ಹಡಗು ಹತ್ತಿದ. ಒಂದಷ್ಟು ವರ್ಷ ಅಮೆರಿಕದಲ್ಲಿದ್ದು, ಇಂಗ್ಲಿಷ್ ಕಲಿತು, ಊರಿಗೆ ಮರಳಿ ಭಾಷಾಂತರಕಾರನಾಗುವುದು ಆಗ ಅವನ ಲೆಕ್ಕಾಚಾರ. ಇನ್ನೆರಡು ವರ್ಷ ತಡಮಾಡಿದ್ದರೆ ಹೋಗುವುದೇ ಕಷ್ಟವಾಗುತ್ತಿತ್ತು: 1907–08ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಿ, ಅಮೆರಿಕಕ್ಕೆ ದುಡಿಯಲು ಹೊರಟ ಕೂಲಿಗಳಿಗೆ ಜಪಾನು ಪಾಸ್‌ಪೋರ್ಟ್ ಕೊಡುವುದನ್ನೇ ನಿಲ್ಲಿಸಿತು. ಸಿಯಾಟಲ್ ಮತ್ತು ಸ್ಪೋಕೇನ್ ಕಡೆ ರೈಲ್ವೆ ಕೆಲಸ, ಹೋಟೆಲ್ ಕೆಲಸ, ಮುಂದೆ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಹಣ್ಣು ಕೀಳುವ ಕೆಲಸ. ಪಶ್ಚಿಮ ಕರಾವಳಿಗೆ ಬಂದಿಳಿದ ಸಾವಿರಾರು ಜಪಾನಿ ಹುಡುಗರ ಬದುಕೇ ಅವನದೂ ಆಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಇಂಗ್ಲಿಷ್ ಕಲಿಯಲು ಶಾಲೆಗೆ ಸೇರಿದಾಗ, ಭಾಷೆ ಬಾರದ ಈ ವಿದ್ಯಾರ್ಥಿ ಹೇಳಬೇಕಾದ್ದನ್ನು ಚಿತ್ರ ಬರೆದು ತೋರಿಸುತ್ತಿದ್ದುದನ್ನು ಕಂಡ ಶಿಕ್ಷಕರೊಬ್ಬರು ಕಲಾಶಾಲೆಗೆ ಹೋಗೆಂದರು. ಹಗಲು ಕೂಲಿ, ಉಳಿದ ಹೊತ್ತು ಪಾಠ ಎನ್ನುವಂತೆ ಲಾಸ್ ಏಂಜಲೀಸ್ ಸ್ಕೂಲ್ ಆಫ್ ಆರ್ಟ್ ಅಂಡ್ ಡಿಸೈನ್‌ನಲ್ಲಿ ಸುಮಾರು ಮೂರು ವರ್ಷ ಕಳೆಯಿತು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕುನಿಯೋಶಿ ಜಪಾನಿನಲ್ಲಿ ಚಿತ್ರಕಲೆ ಕಲಿತವನಲ್ಲ. ಕುಂಚ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿತದ್ದು ಅಮೆರಿಕದ ನೆಲದಲ್ಲಿ, ಅಮೆರಿಕದ ಗುರುಗಳಿಂದ. ಮುಂದೆ ಅರ್ಧ ಶತಮಾನ ವಿಮರ್ಶಕರು ಅವನ ಪ್ರತಿ ರೇಖೆಯಲ್ಲೂ ‘ಪೂರ್ವದ ರಕ್ತ’ವನ್ನು ಹುಡುಕುತ್ತಾ ಹೋದರು. ಕಲಿಕೆಯ ಲೆಕ್ಕ ತೆಗೆದರೆ ಅವನು ಸಮಕಾಲೀನರಾದ ಬೇರೆ ಯಾವ ಅಮೆರಿಕನ್ ಚಿತ್ರಕಾರನಿಗಿಂತ ಕಡಿಮೆ ಅಮೆರಿಕನ್ ಅಲ್ಲ.

1910ರಲ್ಲಿ ನ್ಯೂಯಾರ್ಕಿಗೆ ಬಂದ ಮೇಲೆ ಶಾಲೆಗಳ ಅಲೆದಾಟ ಶುರುವಾಯಿತು. ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್, ರಾಬರ್ಟ್ ಹೆನ್ರಿಯ ಶಾಲೆ, ಹೋಮರ್ ಬಾಸ್ ಕಲಿಸುತ್ತಿದ್ದ ಇಂಡಿಪೆಂಡೆಂಟ್ ಸ್ಕೂಲ್. ಎಲ್ಲೂ ಪೂರ್ತಿ ಒಗ್ಗಲಿಲ್ಲ. 1916ರಲ್ಲಿ ಆರ್ಟ್ ಸ್ಟೂಡೆಂಟ್ಸ್ ಲೀಗ್ ಸೇರಿ ಕೆನೆತ್ ಹೇಯ್ಸ್ ಮಿಲ್ಲರ್ ಬಳಿ ನಾಲ್ಕು ವರ್ಷ ಕಲಿತಾಗ ದಾರಿ ಸಿಕ್ಕಿತು. ಮಿಲ್ಲರ್ ಹಳೆಯ ಐರೋಪ್ಯ ಗುರುಗಳನ್ನು ಗೌರವಿಸುತ್ತಲೇ ಇಂದಿನ ಬೀದಿಯನ್ನು ನೋಡಲು ಕಲಿಸಿದವನು. ಪೆಗ್ಗಿ ಬೇಕನ್, ಅಲೆಕ್ಸಾಂಡರ್ ಬ್ರೂಕ್, ಕ್ಯಾಥರಿನ್ ಶ್ಮಿಟ್ ಅಲ್ಲಿ ಜೊತೆಗಾರರಾದರು. ಬಲ್ಗೇರಿಯಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿ, ಮೊದಲ ಮಹಾಯುದ್ಧದಿಂದಾಗಿ ನ್ಯೂಯಾರ್ಕಿಗೆ ಬಂದಿದ್ದ ಜೂಲ್ಸ್ ಪಾಸ್ಕಿನ್ ಗೆಳೆಯನಾದ. ಪಾಸ್ಕಿನ್ನನ ನಡುಗುವ, ಮೈಮರೆತ ರೇಖೆಯ ಛಾಯೆ ಕುನಿಯೋಶಿಯ ಹೆಣ್ಣುಚಿತ್ರಗಳಲ್ಲಿ ಕೊನೆಯವರೆಗೂ ಉಳಿಯಿತು. ಹೊಟ್ಟೆಪಾಡಿಗಾಗಿ ಆತ ಬೇರೆ ಕಲಾವಿದರ ಕೃತಿಗಳ ಫೋಟೋ ತೆಗೆದುಕೊಡುತ್ತಿದ್ದ.

ಬದುಕಿಗೆ ಆಸರೆಯಾದವನು ಹ್ಯಾಮಿಲ್ಟನ್ ಈಸ್ಟರ್ ಫೀಲ್ಡ್. ಚಿತ್ರಕಾರ, ವಿಮರ್ಶಕ, ಸಂಗ್ರಾಹಕ, ಎಲ್ಲಕ್ಕಿಂತ ಹೆಚ್ಚಾಗಿ ಉದಾರಿ. ಬ್ರೂಕ್ಲಿನ್ನಿನಲ್ಲಿ ಇರಲು ಜಾಗ, ಬೇಸಿಗೆಯಲ್ಲಿ ಮೇನ್ ರಾಜ್ಯದ ಕಡಲತೀರದ ಒಗನ್‌ಕ್ವಿಟ್‌ನಲ್ಲಿ ಚಿತ್ರ ಬರೆಯಲು ಮನೆ ಕೊಟ್ಟ. ಒಗನ್‌ಕ್ವಿಟ್‌ನ ಆ ಮನೆಗಳು ಮೀನುಗಾರರ ಹಳೆಯ ಗುಡಿಸಲುಗಳು. ಫೀಲ್ಡ್ ಅವುಗಳನ್ನು ಹಳ್ಳಿಗರ ಕೈಕೆಲಸಗಳಿಂದ ಅಲಂಕರಿಸಿದ್ದ: ಹೆಸರಿಲ್ಲದ ಚಿತ್ರಕಾರರು ಬರೆದ ಮಕ್ಕಳ ಭಾವಚಿತ್ರಗಳು, ಗಾಳಿಯ ದಿಕ್ಕು ತೋರುವ ತಗಡಿನ ಬೊಂಬೆಗಳು, ಮರದ ಹಕ್ಕಿಗಳು. ಅಮೆರಿಕದ ಜಾನಪದ ಕಲೆಗೆ ಇನ್ನೂ ಮ್ಯೂಸಿಯಂಗಳಲ್ಲಿ ಬೆಲೆಯಿಲ್ಲದ ಕಾಲವದು. ಅಲ್ಲಿ ತಂಗಿದ ಯುವ ಕಲಾವಿದರು ಅದನ್ನು ಕಣ್ತುಂಬ ನೋಡಿದರು. ಕುನಿಯೋಶಿ ತಾನೂ ಅಂಥವನ್ನು ಕೂಡಿಹಾಕತೊಡಗಿದ. ಆತನ ‘ಸೋಫಾದ ಮೇಲಿನ ಗಾಳಿಬೊಂಬೆ ಮತ್ತು ವಸ್ತುಗಳು’ (1933) ಚಿತ್ರಕ್ಕೆ ಆ ನಂಟೇ ವಸ್ತು.

1919ರಲ್ಲಿ ಕ್ಯಾಥರಿನ್ ಶ್ಮಿಟ್ ಮತ್ತು ಕುನಿಯೋಶಿ ಮದುವೆಯಾದರು. ಅಮೆರಿಕದಲ್ಲಿ ಹುಟ್ಟಿದ ಕ್ಯಾಥರಿನ್ ಆ ಮದುವೆಯಿಂದಲೇ ತನ್ನ ಪೌರತ್ವ ಕಳೆದುಕೊಂಡಳು.

ಪೌರತ್ವದ ಕಾನೂನುಗಳ ಹಿನ್ನೆಲೆ ತಿಳಿಯದೆ ಕುನಿಯೋಶಿಯ ಬದುಕು ಅರ್ಥವಾಗುವುದಿಲ್ಲ. ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರು’ ಮಾತ್ರ ಪ್ರಜೆಗಳಾಗಬಹುದೆಂದು 1790ರ ಕಾಯ್ದೆ ವಿಧಿಸಿತ್ತು. 1870ರಲ್ಲಿ ಆಫ್ರಿಕನ್ ಮೂಲದವರನ್ನು ಸೇರಿಸಿದರು, ಏಷ್ಯಾದವರನ್ನು ಹೊರಗೇ ಇಟ್ಟರು. 1907ರ ಇನ್ನೊಂದು ಕಾಯ್ದೆಯ ಪ್ರಕಾರ ವಿದೇಶಿಯನ್ನು ಮದುವೆಯಾದ ಅಮೆರಿಕನ್ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಈ ನಿಯಮ ಸಡಿಲವಾದರೂ, ಗಂಡ ಪ್ರಜೆಯಾಗಲು ಅರ್ಹನಲ್ಲದ ಏಷ್ಯಾದವನಾದರೆ ಸಡಿಲಿಕೆ ಇರಲಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ತಕಾವೊ ಒಜಾವಾ ಎಂಬ ಜಪಾನಿ ವಲಸಿಗನ ಮೊಕದ್ದಮೆಯಲ್ಲಿ, ಜಪಾನಿನವರು ಆ ಕಾಯ್ದೆಯ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪ್ರಜೆಗಳಾಗುವಂತಿಲ್ಲ ಎಂದು ತೀರ್ಪು ಕೊಟ್ಟಿತು. 1924ರ ವಲಸೆ ಕಾಯ್ದೆ ಜಪಾನಿನಿಂದ ಹೊಸಬರು ಬರುವುದನ್ನೇ ಮುಚ್ಚಿಹಾಕಿತು. ಕುನಿಯೋಶಿ ನ್ಯೂಯಾರ್ಕಿನ ಡೇನಿಯಲ್ ಗ್ಯಾಲರಿಯಲ್ಲಿ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಸಿದ್ದು ಒಜಾವಾ ತೀರ್ಪು ಬಂದ ಅದೇ 1922ರಲ್ಲಿ.

ಆ ಪ್ರದರ್ಶನ ಮತ್ತು ಅದರ ಬೆನ್ನಿಗೆ ಬಂದ ಚಿತ್ರಗಳು ಅವನಿಗೆ ಹೆಸರು ತಂದವು. ಬಣ್ಣಗಳು ಮಣ್ಣಿನವು: ಕಂದು, ಕೆಮ್ಮಣ್ಣು, ಬೂದು. ನೆಲ ನೋಡುಗನ ಕಡೆಗೆ ಓರೆಯಾಗಿ ಎದ್ದು ನಿಲ್ಲುತ್ತದೆ. ಆಕೃತಿಗಳು ಗುಂಡಗೆ, ಭಾರವಾಗಿ, ಕಣ್ಣು ಬಾದಾಮಿಯಾಗಿ ಕಾಣುತ್ತವೆ. ‘ಹಣ್ಣು ಕದಿಯುವ ಹುಡುಗ’ (1923) ಚಿತ್ರದಲ್ಲಿ ಒಂದು ಕೈಯಲ್ಲಿ ಬಾಳೆಹಣ್ಣು ಹಿಡಿದ ಮಗು ಇನ್ನೊಂದು ಕೈಯಿಂದ ಬಟ್ಟಲಿನ ಹಣ್ಣಿಗೆ ಕೈ ಹಾಕಿದೆ. ಮುಖದಲ್ಲಿ ಮುಗ್ಧತೆಯೂ ಇದೆ, ಕಳ್ಳತನದ ಎಚ್ಚರವೂ ಇದೆ. ‘ಪುಟ್ಟ ಜೋ ಮತ್ತು ಹಸು’ (1923) ಅದೇ ಕಾಲದ್ದು. ಈ ಓರೆ ನೆಲ, ನೆರಳಿಲ್ಲದ ಆಕೃತಿಗಳನ್ನು ಕಂಡು ವಿಮರ್ಶಕರು ಜಪಾನಿ ಸಂಪ್ರದಾಯವೆಂದರು. ಆದರೆ ಒಗನ್‌ಕ್ವಿಟ್‌ನ ಗುಡಿಸಲಿನ ಗೋಡೆಯಲ್ಲಿದ್ದ ಹಳ್ಳಿಗರ ಚಿತ್ರಗಳಲ್ಲೂ ಅದೇ ಚಪ್ಪಟೆ ನೆಲ, ಅದೇ ನೇರ ನೋಟದ ಮಕ್ಕಳು ಇದ್ದರು. ಎರಡು ಮೂಲಗಳೂ ಅವನಲ್ಲಿ ಸೇರಿದವೆನ್ನುವುದೇ ನ್ಯಾಯ. ಒಂದನ್ನೇ ಎತ್ತಿಹಿಡಿದವರು ಚಿತ್ರವನ್ನು ನೋಡುವ ಬದಲು ಸಹಿಯನ್ನು ನೋಡಿದರು.

‘ಗಾಲ್ಫ್ ಆಟಗಾರನಾಗಿ ಸ್ವಚಿತ್ರ’ (1927) ಈ ವಿಷಯದಲ್ಲಿ ವಿಶೇಷವಾದ ಕೃತಿ. ಗಾಲ್ಫ್ ಕೋಲನ್ನು ಹೆಗಲ ಮೇಲೆ ಎತ್ತಿ ನಿಂತ ಕುನಿಯೋಶಿಯ ಭಂಗಿ ಕತ್ತಿ ಎತ್ತಿದ ಸಮುರಾಯ್‌ನದೂ ಹೌದು. ಅಮೆರಿಕದ ಮಧ್ಯಮವರ್ಗದ ಬಿಡುವಿನ ಆಟದ ಉಡುಪಿನಲ್ಲಿ ತನ್ನನ್ನು ತಾನೇ ಹೀಗೆ ನಿಲ್ಲಿಸಿಕೊಂಡದ್ದರಲ್ಲಿ ಧೈರ್ಯವಿದೆ. ‘ನೀವು ನನ್ನಲ್ಲಿ ಏನು ಕಾಣುತ್ತೀರಿ’ ಎಂದು ನೋಡುಗನನ್ನು ಕೇಳುವ ಚಿತ್ರವಿದು. ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

ಸರ್ಕಸ್ಸು ಅವನ ಇನ್ನೊಂದು ಲೋಕ. ‘ಬಲಶಾಲಿ ಹೆಂಗಸು ಮತ್ತು ಮಗು’ (1925), ‘ವಿಶ್ರಮಿಸುತ್ತಿರುವ ಸರ್ಕಸ್ ಹುಡುಗಿ’ (1925) ಎರಡೂ ಅವನು ಹೆಂಡತಿಯೊಡನೆ ಮೊದಲ ಸಲ ಯೂರೋಪಿಗೆ ಹೋದ ವರ್ಷದವು. ಕಸರತ್ತಿನ ಹೊತ್ತಿಗಿಂತ ಕಸರತ್ತು ಮುಗಿದ, ಅಥವಾ ಇನ್ನೂ ಶುರುವಾಗದ ಹೊತ್ತೇ ಅವನಿಗೆ ಮುಖ್ಯ. 1928ರಲ್ಲಿ ಮತ್ತೆ ಪ್ಯಾರಿಸ್ಸಿಗೆ ಹೋಗಿ ಬಂದ ಮೇಲೆ ಬರೆಯುವ ಕ್ರಮವೇ ಬದಲಾಯಿತು. ಅದುವರೆಗೆ ನೆನಪು, ಕಲ್ಪನೆಗಳಿಂದ ಬರೆಯುತ್ತಿದ್ದವನು ಎದುರಿಗೆ ರೂಪದರ್ಶಿಯನ್ನೋ ವಸ್ತುಗಳನ್ನೋ ಇಟ್ಟುಕೊಂಡು ಬರೆಯತೊಡಗಿದ.

ಕಲ್ಲಚ್ಚಿನ ಕೆಲಸ ಗಟ್ಟಿಯಾದದ್ದೂ ಅದೇ ಪ್ಯಾರಿಸ್ ಭೇಟಿಯಲ್ಲಿ. ನ್ಯೂಯಾರ್ಕಿನಲ್ಲಿ ಮೊದಲೇ ಎಚಿಂಗ್, ಕಲ್ಲಚ್ಚು ಎರಡನ್ನೂ ಮಾಡಿ ನೋಡಿದ್ದ. 1928ರಲ್ಲಿ ಪ್ಯಾರಿಸ್ಸಿನ ದೇಜೊಬೇರ್ ಮುದ್ರಣಾಲಯದಲ್ಲಿ ನುರಿತ ಮುದ್ರಕರೊಡನೆ ಕುಳಿತು ಮಾಡಿದ ಕೆಲಸ ಅವನನ್ನು ಅಮೆರಿಕದ ಪ್ರಮುಖ ಕಲ್ಲಚ್ಚು ಕಲಾವಿದರ ಸಾಲಿಗೆ ಸೇರಿಸಿತು. ಈ ತಂತ್ರದ ಗುಟ್ಟು ಜಿಡ್ಡಿಗೂ ನೀರಿಗೂ ಇರುವ ಹಗೆತನ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ರಾಸಾಯನಿಕದಿಂದ ಅದನ್ನು ಕಲ್ಲಿಗೆ ಹಿಡಿಸಿ, ಕಲ್ಲನ್ನು ತೇವ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಒದ್ದೆ ಜಾಗ ಶಾಯಿಯನ್ನು ದೂಡುತ್ತದೆ, ಜಿಡ್ಡಿನ ಗೆರೆ ಹಿಡಿದುಕೊಳ್ಳುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ನಮ್ಮ ಮನೆಗಳ ಗೋಡೆಗೆ ಬಂದ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಅಚ್ಚಾದದ್ದೂ ಇದೇ ವಿಧಾನದ ಬಣ್ಣದ ರೂಪದಲ್ಲಿ. ಕುನಿಯೋಶಿ ಹೆಚ್ಚಾಗಿ ಆರಿಸಿಕೊಂಡದ್ದು ಬರೀ ಕಪ್ಪು.

ಆ ಒಂದೇ ಶಾಯಿಯಲ್ಲಿ ಆತ ಸಾಧಿಸಿದ್ದು ದೊಡ್ಡದು. ಎಚಿಂಗ್‌ನ ಸೂಜಿಗೆರೆಗಿಂತ ಕಲ್ಲಿನ ಮೇಲೆ ಕಡ್ಡಿ ಬಿಡುವ ಹರಳುಹರಳಾದ ಬೂದು ಅವನ ಸ್ವಭಾವಕ್ಕೆ ಒಪ್ಪಿತು. ಮಖಮಲ್ಲಿನಂಥ ಕಪ್ಪಿನಿಂದ ಹಿಡಿದು ಉಸಿರಿನಷ್ಟು ತೆಳುವಾದ ಬೂದಿನವರೆಗೆ ಹತ್ತಾರು ಮಟ್ಟಗಳು ಒಂದೇ ಹಾಳೆಯಲ್ಲಿ ಸಿಗುತ್ತವೆ. ತಂತಿಯ ಮೇಲೆ ನಡೆಯುವವಳು, ಚೆಂಡಿನ ಮೇಲೆ ನಿಂತವಳು, ಕೆಫೆಯಲ್ಲಿ ಒಬ್ಬಳೇ ಕೂತ ಹೆಂಗಸು, ತಟ್ಟೆಯಲ್ಲಿಟ್ಟ ದ್ರಾಕ್ಷಿ ಗೊಂಚಲು, ಇವು ಮತ್ತೆ ಮತ್ತೆ ಬರುತ್ತವೆ. ‘ಕೆಫೆ ನಂ. 2’ (1935), ‘ಸೈಕಲ್ ಸವಾರ’ (1939), ‘ಕಾರ್ನಿವಲ್’ (1949) ಇವುಗಳಲ್ಲಿ ಹೆಸರಾದವು. ಸಂಶೋಧಕರು ತೈಲಚಿತ್ರಗಳಿಗೆ ಕೊಟ್ಟಷ್ಟು ಗಮನವನ್ನು ಈ ಅಚ್ಚುಗಳಿಗೆ ಕೊಟ್ಟಿಲ್ಲ. ಕುನಿಯೋಶಿಯ ರೇಖೆ ಎಷ್ಟು ಖಚಿತವಾದದ್ದೆಂದು ತಿಳಿಯಲು ಬಣ್ಣದ ಹಂಗಿಲ್ಲದ ಈ ಹಾಳೆಗಳಿಂದಲೇ ಆರಂಭಿಸುವುದು ಒಳ್ಳೆಯದು.

1929ರ ಡಿಸೆಂಬರಿನಲ್ಲಿ, ಆಗಷ್ಟೇ ಶುರುವಾಗಿದ್ದ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಎರಡನೆಯ ಪ್ರದರ್ಶನವಾಗಿ ‘ಬದುಕಿರುವ ಹತ್ತೊಂಬತ್ತು ಅಮೆರಿಕನ್ನರ ಚಿತ್ರಗಳು’ ಎಂಬುದನ್ನು ಏರ್ಪಡಿಸಿತು. ಎಡ್ವರ್ಡ್ ಹಾಪರ್, ಜಾರ್ಜಿಯಾ ಒಕೀಫ್, ಜಾನ್ ಸ್ಲೋನ್ ಜೊತೆ ಕುನಿಯೋಶಿಯ ಹೆಸರೂ ಇತ್ತು. ಇವನು ಅಮೆರಿಕನ್ನನೇ ಎಂದು ಕೆಲವು ವಿಮರ್ಶಕರು ತಕರಾರೆತ್ತಿದರು. ಹೊರಗೆ ಹುಟ್ಟಿದ ಬೇರೆಯವರೂ ಆ ಪಟ್ಟಿಯಲ್ಲಿದ್ದರು: ಪಾಸ್ಕಿನ್, ಮ್ಯಾಕ್ಸ್ ವೆಬರ್, ಮಾರಿಸ್ ಸ್ಟರ್ನ್. ಆದರೆ ಅವರಿಗೆ ಪ್ರಜೆಗಳಾಗುವ ಬಾಗಿಲು ತೆರೆದಿತ್ತು. ಕುನಿಯೋಶಿಗೆ ಆ ಬಾಗಿಲೇ ಇರಲಿಲ್ಲ.

ಕಾಯಿಲೆಯಲ್ಲಿದ್ದ ತಂದೆಯನ್ನು ನೋಡಲು 1931ರಲ್ಲಿ ಜಪಾನಿಗೆ ಹೋದ. ಬಿಟ್ಟು ಹೋದ ಮೇಲೆ ಅದೇ ಮೊದಲ ಭೇಟಿ, ಕೊನೆಯದೂ ಅದೇ. ಟೋಕಿಯೊ ಮತ್ತು ಒಸಾಕಾಗಳಲ್ಲಿ ಚಿತ್ರ ಪ್ರದರ್ಶನಗಳಾದವು, ಸನ್ಮಾನವೂ ಆಯಿತು. ಆದರೆ ಅಲ್ಲಿನ ನಡೆನುಡಿ, ಕಟ್ಟುಪಾಡುಗಳು ಅವನಿಗೆ ಪರಕೀಯವಾಗಿದ್ದವು. ಆ ವರ್ಷ ಜಪಾನಿನ ಸೈನ್ಯ ಮಂಚೂರಿಯಾಕ್ಕೆ ನುಗ್ಗಿತ್ತು, ಸೈನಿಕ ದರ್ಪ ದೇಶದ ತುಂಬ ಹರಡಿತ್ತು. 1932ರ ಆರಂಭದಲ್ಲಿ ಮರಳಿ ನ್ಯೂಯಾರ್ಕಿಗೆ ಬಂದಾಗ ತನ್ನ ಊರು ಯಾವುದೆಂಬ ಪ್ರಶ್ನೆಗೆ ಅವನಲ್ಲಿ ಉತ್ತರ ಸ್ಪಷ್ಟವಾಗಿತ್ತು.

ಆ ವರ್ಷವೇ ಕ್ಯಾಥರಿನ್ ಜೊತೆಗಿನ ದಾಂಪತ್ಯ ಮುಗಿಯಿತು. 1935ರಲ್ಲಿ ಸಾರಾ ಮೇಜೊ ಹೆಂಡತಿಯಾದಳು, ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು, ಮೆಕ್ಸಿಕೊ ನೋಡಿಬಂದದ್ದಾಯಿತು. 1933ರಿಂದ ಕೊನೆಯವರೆಗೆ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪಾಠ ಹೇಳಿದ. ಬೇಸಿಗೆಗಳಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಕಟ್ಟಿಸಿದ್ದ ಮನೆಯಲ್ಲಿರುತ್ತಿದ್ದ. ಈ ಅವಧಿಯ ಹೆಂಗಸರು, ‘ಡೈಲಿ ನ್ಯೂಸ್’ (1935), ‘ನನಗೆ ದಣಿವಾಗಿದೆ’ (1938) ಮುಂತಾದವುಗಳಲ್ಲಿ, ಒಳಉಡುಪಿನಲ್ಲೋ ಕೈಯಲ್ಲಿ ಪತ್ರಿಕೆ ಹಿಡಿದೋ ಕೂತು ಎತ್ತಲೋ ನೋಡುತ್ತಾರೆ. ಆರ್ಥಿಕ ಕುಸಿತದ ವರ್ಷಗಳ ಆಯಾಸವನ್ನು ಘೋಷಣೆಯಿಲ್ಲದೆ ಹೇಳಿದ ಚಿತ್ರಗಳಿವು. ಘೋಷಣೆ ಕೂಗಲು ಅವನಿಗೆ ಬೇರೆ ವೇದಿಕೆಗಳಿದ್ದವು: ಫ್ಯಾಸಿಸಂ ವಿರುದ್ಧ ಒಂದಾದ ಅಮೆರಿಕನ್ ಆರ್ಟಿಸ್ಟ್ಸ್ ಕಾಂಗ್ರೆಸ್‌ನಲ್ಲಿ ಸಕ್ರಿಯನಾಗಿದ್ದ, ಚೀನಾದ ಮೇಲಿನ ಜಪಾನಿನ ದಾಳಿಯನ್ನು ಬಹಿರಂಗವಾಗಿ ಖಂಡಿಸುತ್ತಿದ್ದ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಾಗ ಇದಾವುದೂ ಲೆಕ್ಕಕ್ಕೆ ಬರಲಿಲ್ಲ. ಮೂವತ್ತೈದು ವರ್ಷ ಆ ದೇಶದಲ್ಲಿ ಬದುಕಿದವನು ಒಂದೇ ದಿನದಲ್ಲಿ ‘ಶತ್ರು ದೇಶದ ಪರಕೀಯ’ನಾದ. ಬ್ಯಾಂಕಿನ ಹಣ ತಡೆಹಿಡಿಯಲಾಯಿತು, ಕ್ಯಾಮೆರಾ ಒಪ್ಪಿಸಬೇಕಾಯಿತು, ಊರು ಬಿಟ್ಟು ಹೋಗಲು ಅಪ್ಪಣೆ ಬೇಕಾಯಿತು. ಪಶ್ಚಿಮ ಕರಾವಳಿಯಲ್ಲಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿದ ಕಾಲವದು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಪೂರ್ವ ಕರಾವಳಿಯಲ್ಲಿದ್ದುದರಿಂದ ಕುನಿಯೋಶಿ ಶಿಬಿರದಿಂದ ಉಳಿದ.

ಅವನು ಸುಮ್ಮನೆ ಕೂರಲಿಲ್ಲ. ಜಪಾನಿನ ಜನರನ್ನು ಉದ್ದೇಶಿಸಿ ಸೈನಿಕಶಾಹಿಯ ವಿರುದ್ಧ ಮಾತುಗಳನ್ನು ಬರೆದು ಕಿರುತರಂಗ ರೇಡಿಯೊದಲ್ಲಿ ಪ್ರಸಾರ ಮಾಡಿದ. 1942ರಲ್ಲಿ ಡೌನ್‌ಟೌನ್ ಗ್ಯಾಲರಿಯಲ್ಲಿ ನಡೆದ ತನ್ನ ಹಿನ್ನೋಟದ ಪ್ರದರ್ಶನದ ಲಾಭವನ್ನು ಚೀನಾದ ಸಂತ್ರಸ್ತರ ಪರಿಹಾರ ನಿಧಿಗೆ ಮೀಸಲಿಟ್ಟ. ಸರ್ಕಾರದ ಯುದ್ಧ ಮಾಹಿತಿ ಕಚೇರಿಗಾಗಿ ಜಪಾನಿ ಸೈನ್ಯದ ಕ್ರೌರ್ಯವನ್ನು ತೋರಿಸುವ ಭಿತ್ತಿಪತ್ರಗಳ ಕರಡು ಬರೆದ. ಹಿಂಸೆಗೆ ಒಳಗಾದವರ ಮೈ ಆ ರೇಖೆಗಳಲ್ಲಿ ಬಿಗಿದು ತಿರುಚಿಕೊಂಡಿದೆ. ಹುಟ್ಟಿದ ನಾಡಿನ ವಿರುದ್ಧ ಹೀಗೆ ಬರೆಯಬೇಕಾದವನ ಕೈ ಎಷ್ಟು ಭಾರವಾಗಿದ್ದಿರಬೇಕು! ನಿಷ್ಠೆಯನ್ನು ದಿನದಿನವೂ ರುಜುವಾತು ಮಾಡಬೇಕಾದ ಒತ್ತಡ ಅವನ ಮೇಲಿತ್ತೆಂಬುದು ನಿಜ. ಫ್ಯಾಸಿಸಂ ಬಗೆಗಿನ ಅವನ ಸಿಟ್ಟು ಯುದ್ಧಕ್ಕಿಂತ ಹಳೆಯದೆಂಬುದೂ ಅಷ್ಟೇ ನಿಜ.

ಸ್ವಂತಕ್ಕಾಗಿ ಬರೆದ ಚಿತ್ರಗಳಲ್ಲಿ ಯುದ್ಧ ಬೇರೆ ದಾರಿಯಿಂದ ಬಂತು. ‘ನನ್ನ ಭಿತ್ತಿಪತ್ರವನ್ನು ಯಾರೋ ಹರಿದರು’ (1943) ಚಿತ್ರದ ಹೆಣ್ಣಿನ ಹಿಂದೆ ಗೋಡೆಯಲ್ಲಿರುವುದು ಕಲಾವಿದ ಬೆನ್ ಶಾನ್ ಬರೆದ ಯುದ್ಧಕಾಲದ ಭಿತ್ತಿಪತ್ರ, ಅದೂ ಹರಿದಿದೆ. ಸ್ಥಿರವಸ್ತು ಚಿತ್ರಗಳಲ್ಲಿ ಮೇಜುಗಳು ತಲೆಕೆಳಗಾದವು, ಮುಖವಾಡಗಳು ಬಂದವು. 1944ರಲ್ಲಿ ಅಂಥದೊಂದು ಚಿತ್ರ, ‘ಕೊಠಡಿ 110’, ಕಾರ್ನೆಗಿ ಸಂಸ್ಥೆಯ ಅಮೆರಿಕನ್ ಚಿತ್ರಕಲಾ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆಯಿತು. ಯುದ್ಧ ಇನ್ನೂ ನಡೆಯುತ್ತಿತ್ತು, ಅವನಿನ್ನೂ ಶತ್ರು ಪರಕೀಯನೇ ಆಗಿದ್ದ.

ಯುದ್ಧಾನಂತರದ ಪೆಟ್ಟು ಬೇರೆ ಬಗೆಯದು. 1946ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶಗಳಿಗೆ ಕಳುಹಿಸಲು 79 ತೈಲಚಿತ್ರಗಳನ್ನು ಕೊಂಡು ಪ್ರದರ್ಶನವೊಂದನ್ನು ರೂಪಿಸಿತು. ಕುನಿಯೋಶಿಯ ‘ವಿಶ್ರಮಿಸುತ್ತಿರುವ ಸರ್ಕಸ್ ಹುಡುಗಿ’ ಅದರಲ್ಲಿತ್ತು. ಜನರ ತೆರಿಗೆ ಹಣ ಇಂಥ ಚಿತ್ರಗಳಿಗೆ ಪೋಲಾಯಿತೆಂದು ಪತ್ರಿಕೆಗಳೂ ಕಾಂಗ್ರೆಸ್ ಸದಸ್ಯರೂ ಗದ್ದಲವೆಬ್ಬಿಸಿದಾಗ ಮುಖ್ಯ ಗುರಿಯಾದದ್ದು ದಪ್ಪ ತೊಡೆಯ ಈ ಹುಡುಗಿಯೇ. ಅಧ್ಯಕ್ಷ ಟ್ರೂಮನ್ ಆಫ್ರಿಕದ ಒಂದು ಜನಾಂಗದ ಹೆಸರು ಹಿಡಿದು ಈ ಚಿತ್ರವನ್ನು ಹೀಯಾಳಿಸಿದ. ಪ್ರದರ್ಶನವನ್ನು ನಡುದಾರಿಯಲ್ಲೇ ವಾಪಸು ಕರೆಸಿ, 1948ರಲ್ಲಿ ಚಿತ್ರಗಳನ್ನು ಯುದ್ಧದಲ್ಲಿ ಉಳಿದ ಹೆಚ್ಚುವರಿ ಸಾಮಾನಿನ ನಿಯಮದಡಿ ಮಾರಿಬಿಟ್ಟರು. ಅಲಬಾಮಾದ ಆಬರ್ನ್‌ನ ಕಾಲೇಜು 36 ಕೃತಿಗಳನ್ನು ಅತಿ ಅಗ್ಗಕ್ಕೆ ಕೊಂಡಿತು. ಸರ್ಕಸ್ ಹುಡುಗಿ ಇಂದಿಗೂ ಅಲ್ಲಿನ ಮ್ಯೂಸಿಯಂನಲ್ಲಿದ್ದಾಳೆ.

ಅದೇ 1948ರಲ್ಲೇ ವಿಟ್ನಿಯ ಸಮಗ್ರ ಪ್ರದರ್ಶನ ನಡೆಯಿತು. ಹಿಂದಿನ ವರ್ಷ ಕಲಾವಿದರ ಆರ್ಥಿಕ ಹಕ್ಕುಗಳಿಗಾಗಿ ಹುಟ್ಟಿದ ಆರ್ಟಿಸ್ಟ್ಸ್ ಈಕ್ವಿಟಿ ಸಂಘಕ್ಕೆ ಸಹಕಲಾವಿದರು ಮೊದಲ ಅಧ್ಯಕ್ಷನಾಗಿ ಆರಿಸಿದ್ದೂ ಕುನಿಯೋಶಿಯನ್ನೇ. ಮತ ಹಾಕುವ ಹಕ್ಕಿಲ್ಲದವನನ್ನು ದೇಶದ ಕಲಾವಿದರು ತಮ್ಮ ನಾಯಕನೆಂದು ಕರೆದರು.

ಕೊನೆಯ ಐದಾರು ವರ್ಷಗಳ ಚಿತ್ರಗಳಲ್ಲಿ ಹಳೆಯ ಕಂದು ಮಾಯವಾಗಿ, ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ, ನೇರಳೆಗಳು ಮೇಲೆ ಬಂದವು. ಮೇಲ್ನೋಟಕ್ಕೆ ಹಬ್ಬದ ಬಣ್ಣಗಳು, ಒಳಗೆ ಕಹಿ. ‘ಮಿಸ್ಟರ್ ಏಸ್’, ‘ಅದ್ಭುತ ಜಗ್ಲರ್’ (ಎರಡೂ 1952) ಚಿತ್ರಗಳ ವಿದೂಷಕರು ಮುಖವಾಡದ ಜನ. 1920ರ ದಶಕದ ಸರ್ಕಸ್ ಹುಡುಗಿಯ ನೆಮ್ಮದಿ ಇವರಲ್ಲಿಲ್ಲ. ನ್ಯೂಯಾರ್ಕಿನಲ್ಲಿ ಆಗ ಅಮೂರ್ತ ಕಲೆಯ ಅಲೆ ಎದ್ದಿತ್ತು. ಆಕೃತಿಯನ್ನು ಬಿಡದ ಕುನಿಯೋಶಿಯಂಥವರು ಹಿಂದಿನ ತಲೆಮಾರಿನವರೆನಿಸಿಕೊಳ್ಳತೊಡಗಿದ್ದರು. ಈ ಚಿತ್ರಗಳನ್ನು ಅವನ ಇಳಿಗಾಲದವೆಂದು ಬದಿಗಿಟ್ಟವರಿದ್ದಾರೆ. ಅದು ತಪ್ಪು ಅಂದಾಜು. ಬಣ್ಣದ ಮೇಲೆ ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ ಪಡೆದ ಆ ಹೊಳಪಿನಲ್ಲಿ ಅವನ ಕಸುಬು ತುತ್ತತುದಿಯಲ್ಲಿದೆ. ಅದರ ಜೊತೆಜೊತೆಗೇ ಬರೀ ಕಪ್ಪು ಶಾಯಿಯಲ್ಲಿ ದೊಡ್ಡ ಚಿತ್ರಗಳನ್ನೂ ಬರೆದ. ‘ಹಳೆಯ ಮರ’ (1953) ಆ ಸಾಲಿನದು.

1952ರ ಬೇಸಿಗೆಯಲ್ಲಿ ವೆನಿಸ್ ಬಿಯೆನಾಲೆಯ ಅಮೆರಿಕನ್ ಮಂಟಪದಲ್ಲಿ ಅಲೆಕ್ಸಾಂಡರ್ ಕಾಲ್ಡರ್, ಸ್ಟುವರ್ಟ್ ಡೇವಿಸ್, ಹಾಪರ್ ಜೊತೆ ಕುನಿಯೋಶಿಯ ಚಿತ್ರಗಳು ತೂಗಿದವು. ಆ ಜೂನ್‌ನಲ್ಲೇ ಮೆಕಾರನ್–ವಾಲ್ಟರ್ ಕಾಯ್ದೆ ಬಂದು, ಪೌರತ್ವಕ್ಕೆ ಜನಾಂಗದ ಅಡ್ಡಿ ಕೊನೆಗೂ ಹೋಯಿತು. ಕಾಯ್ದೆ ಜಾರಿಯಾದದ್ದು ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಹೊಟ್ಟೆಯ ಕ್ಯಾನ್ಸರ್ ಅವನನ್ನು ಹಾಸಿಗೆಗೆ ಕೆಡವಿತ್ತು. 1953ರ ಮೇ 14ರಂದು, ಪೌರತ್ವ ಸಿಗುವ ಮೊದಲೇ ತೀರಿಕೊಂಡ.

ಅವನ ಪ್ರಮುಖ ಕೃತಿಗಳು ಈಗ ನ್ಯೂಯಾರ್ಕಿನ ವಿಟ್ನಿ ಮತ್ತು ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಓಹಾಯೊದ ಕೊಲಂಬಸ್ ಮ್ಯೂಸಿಯಂ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂಗಳಲ್ಲಿವೆ. ಹುಟ್ಟೂರು ಒಕಾಯಾಮಾದಲ್ಲಿ ಫುಕುತಾಕೆ ಮನೆತನ ಕೂಡಿಸಿದ ದೊಡ್ಡ ಸಂಗ್ರಹವಿದೆ. ಅವನು ಬಿಟ್ಟುಹೋದ ಪತ್ರಗಳು, ಛಾಯಾಚಿತ್ರಗಳು ಸ್ಮಿತ್ಸೋನಿಯನ್‌ನ ಅಮೆರಿಕನ್ ಕಲಾ ದಾಖಲಾಗಾರದಲ್ಲಿವೆ. ಅಮೆರಿಕದಲ್ಲಿ ಹಲವು ದಶಕ ಮಸುಕಾಗಿದ್ದ ಹೆಸರು 2015ರಲ್ಲಿ ಸ್ಮಿತ್ಸೋನಿಯನ್ ನಡೆಸಿದ ಹಿನ್ನೋಟದ ಪ್ರದರ್ಶನದಿಂದ ಮತ್ತೆ ಮುಂದೆ ಬಂತು. ಟಾಮ್ ವುಲ್ಫ್ ಮತ್ತು ಜೋಆನ್ ಮೋಸರ್ ರೂಪಿಸಿದ ಆ ಪ್ರದರ್ಶನದಲ್ಲಿ ತೈಲಚಿತ್ರಗಳ ಜೊತೆಗೆ ಶಾಯಿಯ ಚಿತ್ರಗಳಿಗೂ ಜಾಗ ಸಿಕ್ಕಿತು.